ಹೊಳೆಯುವ ಪಳೆಯುಳಿಕೆಗೆ ನೇಲ್ ಪಾಲಿಶ್ ಬಳಿಯುವ ಮುನ್ನ ಇದನ್ನು ಓದಿ

ತಮಗೆ ಸಿಕ್ಕ ಒಳ್ಳೆಯ ಪಳೆಯುಳಿಕೆಯನ್ನು ಎಲ್ಲರೂ ಖುಷಿಯಿಂದ ತೋರಿಸುತ್ತಾರೆ. ನನ್ನ ಹತ್ತಿರ ತೋರಿಸೋಕೆ ಇರುವುದು ಎರಡು ಚಮಚ ಬೂದು ಪುಡಿ. ಎಂಟು ತಿಂಗಳ ಹಿಂದೆ ಅದು ಅಮೋನೈಟ್ ಆಗಿತ್ತು, ಅಂದರೆ ಎಂದೋ ಅಳಿದುಹೋದ ಕಡಲ ಜೀವಿಯೊಂದರ ಸುರುಳಿ ಚಿಪ್ಪಿನ ಪಳೆಯುಳಿಕೆ. ದೊಡ್ಡದೇನಲ್ಲ, ಕೋಟಿನ ಗುಂಡಿಯಷ್ಟು. ಆದರೆ ಪೂರ್ತಿ ಪೈರೈಟ್ ಅನ್ನುವ ಚಿನ್ನದ ಬಣ್ಣದ ಖನಿಜ, ಸುರುಳಿಯ ಒಂದೊಂದು ಏಣೂ ಆಗಷ್ಟೇ ತಿಕ್ಕಿದ ಹಿತ್ತಾಳೆ ಹಾಗೆ ಹೊಳೆಯುತ್ತಿತ್ತು.

ಮೊದಲು ಕೆಡಿಸಿದ್ದು ನೀರು. ಸಂದಿಯಲ್ಲಿ ಜೇಡಿಮಣ್ಣು ಕೂತಿತ್ತು, ನೆನೆದರೆ ತಾನೇ ಬಿಡುತ್ತೆ ಅಂತ ಒಂದು ವಾರ ನೀರಲ್ಲೇ ಬಿಟ್ಟೆ. ಆಮೇಲೆ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ಅರ್ಧ ದಿನ ಬಿಸಿಲಿಗಿಟ್ಟೆ. ಮೇಲೆ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಹೊಳಪು ಹೋಗದಿರಲಿ ಅಂತ ಅದೇ ಸಂಜೆ ಎರಡು ಸಲ ನೇಲ್ ಪಾಲಿಶ್ ಬಳಿದು, ಹತ್ತಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ ಡ್ರಾಯರ್‌ಗೆ ತಳ್ಳಿದೆ. ಒಳಗಿದ್ದ ತೇವಕ್ಕೆ ನಾನೇ ಬೀಗ ಹಾಕಿದ ಹಾಗಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಡ್ರಾಯರ್ ಎಳೆದರೆ ಬೆಂಕಿಕಡ್ಡಿ ಗೀರಿದಂಥ ವಾಸನೆ. ಅಮೋನೈಟ್ ಮೇಲೆ ಬಿಳಿ, ತಿಳಿಹಳದಿ ಪುಡಿ. ಬೂಷ್ಟು ಅಂದುಕೊಂಡೆ! ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ನೇಲ್ ಪಾಲಿಶ್ ಸಿಪ್ಪೆ ಥರ ಎದ್ದು ಬಂತು, ಅದರ ಜೊತೆಗೆ ಹೊರಗಿನ ಸುರುಳಿಯ ಕಾಲು ಭಾಗವೂ ಬಂತು. ಕೆಳಗಿಟ್ಟಿದ್ದ ಚೀಟಿ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಅಂತ ಬರೆದಿದ್ದೆಲ್ಲ ಹೋಯಿತು. ನಿಜ ಹೇಳಬೇಕೆಂದರೆ ಅದಕ್ಕೇ ನನಗೆ ಜಾಸ್ತಿ ಹೊಟ್ಟೆ ಉರಿದದ್ದು.

ಆಗಿದ್ದಿಷ್ಟು. ಪೈರೈಟ್ ಅಂದರೆ ಕಬ್ಬಿಣ ಮತ್ತು ಗಂಧಕ. ಆಮ್ಲಜನಕವೇ ಇಲ್ಲದ ಕೆಸರಲ್ಲಿ ಅದು ಹುಟ್ಟಿದ್ದು, ಕೋಟ್ಯಂತರ ವರ್ಷ ಗಾಳಿ ಸೋಕದೆ ಹಾಯಾಗಿ ಕೂತಿರುತ್ತದೆ. ನಾವು ಹೊರಗೆ ತೆಗೆದ ಮೇಲೆ ಗಾಳಿ, ತೇವ ಎರಡೂ ತಗುಲಿ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಆಗುತ್ತದೆ. ಸಲ್ಫೇಟ್ ಉಬ್ಬಿಕೊಂಡು ಒಳಗಿಂದಲೇ ಸೀಳುತ್ತದೆ, ಆಮ್ಲ ಚೀಟಿ, ಡಬ್ಬಿ, ಪಕ್ಕದ ಸುಣ್ಣಕಲ್ಲಿನ ಪಳೆಯುಳಿಕೆ ಎಲ್ಲವನ್ನೂ ತಿನ್ನುತ್ತದೆ. ಗಾಳಿಯ ತೇವಾಂಶ 60% ದಾಟಿದರೆ ಇದು ಜೋರಾಗುತ್ತದೆ. ದೊಡ್ಡ ಹರಳಿನ ಗಟ್ಟಿ ಪೈರೈಟ್ ಎಷ್ಟೋ ಸಲ ವರ್ಷಗಟ್ಟಲೆ ಏನೂ ಆಗದೆ ಇರುತ್ತದೆ, ಸಣ್ಣ ಕಣದ್ದು ಬೇಗ ಕೆಡುತ್ತದೆ. ಹಾಗಾಗಿ ‘ನನ್ನದಕ್ಕೆ ಹತ್ತು ವರ್ಷದಿಂದ ಏನೂ ಆಗಿಲ್ಲ’ ಅನ್ನುವವರ ಮಾತು ಸುಳ್ಳಲ್ಲ, ಆದರೆ ಅದನ್ನು ನಂಬಿಕೊಂಡು ಸುಮ್ನೆ ಕೂರಬೇಡಿ.

ಈಗ ನಾನು ಪೈರೈಟ್ ಸಿಕ್ಕರೆ ಆದಷ್ಟೂ ಒಣಗಿದ್ದಾಗಲೇ ಕೆರೆದು ಮಣ್ಣು ತೆಗೆಯುತ್ತೇನೆ. ನೀರು ಮುಟ್ಟಿಸಲೇಬೇಕಾದರೆ ಬೇಗ ಮುಗಿಸಿ, ನೀರನ್ನು ಎಳೆದುಕೊಂಡು ಬೇಗ ಆರಿಹೋಗುವ ಅಸಿಟೋನ್‌ ದ್ರವದಲ್ಲಿ ಅದ್ದಿ, ಪೂರ್ತಿ ಒಣಗುವ ತನಕ ಕಾಯುತ್ತೇನೆ. ಗಟ್ಟಿ ಮಾಡಲು ಪ್ಯಾರಾಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ಅಂಟು ಬಳಸುತ್ತೇನೆ, ಬೇಡವೆನಿಸಿದರೆ ಅಸಿಟೋನ್‌ನಲ್ಲೇ ಕರಗಿಸಿ ತೆಗೆಯಬಹುದು. ಆದರೆ ಅದೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ಮೇಲೆ ಏನು ಬಳಿದರೂ ಅಷ್ಟೇ. ಕಾಪಾಡುವುದು ಒಣ ಡಬ್ಬಿ ಮಾತ್ರ. ಬಿಗಿ ಮುಚ್ಚಳ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು, ಜೊತೆಗೆ ತೇವಾಂಶ ತೋರಿಸುವ ಪುಟ್ಟ ಮೀಟರ್. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ವಾಪಸ್ ಹಾಕುತ್ತೇನೆ. ಚೀಟಿಯ ನಕಲು ಬೇರೆ ಕಡೆ ಇರುತ್ತದೆ. ಪುಡಿ ಕಂಡರೆ ಕೈಗವಸು ಹಾಕಿಕೊಂಡು ಒಣ ಬ್ರಷ್‌ನಲ್ಲೇ ತೆಗೆಯಿರಿ, ಮೊದಲು ಆ ತುಣುಕನ್ನು ಉಳಿದವುಗಳಿಂದ ದೂರ ಇಡಿ.

ನನ್ನ ಅಮೋನೈಟ್‌ನಲ್ಲಿ ನಡುವಿನ ಸುರುಳಿ ಮಾತ್ರ ಉಳಿದಿದೆ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. ಇನ್ನೂ ಹೊಳೆಯುತ್ತದೆ. ಮುಚ್ಚಳ ತೆಗೆಯಲು ಧೈರ್ಯ ಬರುವುದಿಲ್ಲ, ಹೊರಗಿಂದಲೇ ನೋಡುತ್ತೇನೆ.