ಕಾಲಿನ ಡಾಪ್ಲರ್ ಪರೀಕ್ಷೆ: ತುಮಕೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದ ಅನುಭವ

ಗುಬ್ಬಿ ತಾಲ್ಲೂಕಿನ ನಮ್ಮ ತೆಂಗಿನ ತೋಟದಲ್ಲಿ ಪಂಪ್‌ಸೆಟ್ ಮನೆಯಿಂದ ಊರ ಮನೆಗೆ ಬರುವಷ್ಟರಲ್ಲಿ ತಂದೆಯವರ ಬಲಗಾಲಿನ ಮೀನಖಂಡ ಎರಡು ಸಲ ಹಿಡಿದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತು ನಿಂತರೆ ನೋವು ಇಳಿಯುತ್ತಿತ್ತು, ಮತ್ತೆ ಅಷ್ಟೇ ದೂರ ನಡೆದರೆ ಮರಳಿ ಬರುತ್ತಿತ್ತು. ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ, ಅದಕ್ಕೂ ಹಳೆಯ ಬೀಡಿಯ ಚಟ ಎರಡೂ ಇದ್ದುದರಿಂದ ರಕ್ತನಾಳ ಕಿರಿದಾಗಿರಬಹುದೆಂದು ವೈದ್ಯರು ಡಾಪ್ಲರ್ ಸ್ಕ್ಯಾನ್, ಅಂದರೆ ಶಬ್ದತರಂಗಗಳಿಂದ ನಾಳದೊಳಗಿನ ರಕ್ತದ ಹರಿವನ್ನು ನೋಡುವ ಪರೀಕ್ಷೆ, ಬರೆದುಕೊಟ್ಟರು.

ಮೊದಲು ಹೋದ ಕೇಂದ್ರದಲ್ಲಿ ಹತ್ತು ನಿಮಿಷದಲ್ಲಿ ಪರೀಕ್ಷೆ ಮುಗಿಸಿ ‘ನಾರ್ಮಲ್’ ಎಂದು ವರದಿ ಕೊಟ್ಟರು. ಚೀಟಿಯಲ್ಲಿ ‘ಕಾಲಿನ ಡಾಪ್ಲರ್’ ಎಂದಷ್ಟೇ ಇದ್ದುದರಿಂದ ಅವರು ವೀನಸ್ ಡಾಪ್ಲರ್, ಅಂದರೆ ಹೃದಯದ ಕಡೆಗೆ ರಕ್ತ ಒಯ್ಯುವ ಅಭಿಧಮನಿಗಳ ಪರೀಕ್ಷೆ ಮಾಡಿದ್ದರು. ಅದರಲ್ಲಿ ಪ್ರೋಬ್ ಎಂಬ, ಚರ್ಮದ ಮೇಲೆ ಆಡಿಸುವ ಸಾಧನದಿಂದ ಒತ್ತಿದಾಗ ನಾಳ ಚಪ್ಪಟೆಯಾದರೆ ಅಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂದು ತಿಳಿಯುತ್ತದೆ. ಆದರೆ ತಂದೆಯವರ ತೊಂದರೆ ಇದ್ದುದು ಪಾದದ ಕಡೆಗೆ ರಕ್ತ ತರುವ ಅಪಧಮನಿಯಲ್ಲಿ. ಇಂಥ ನೋವಿದ್ದರೆ ಚೀಟಿಯಲ್ಲಿ ‘ಆರ್ಟೀರಿಯಲ್’ (ಅಪಧಮನಿಯ) ಎಂಬ ಪದವಿದೆಯೇ ಎಂದು ಹೋಗುವ ಮುನ್ನವೇ ನೋಡಿಕೊಳ್ಳಿ.

ಎರಡನೆಯ ಬಾರಿ ಬಿ.ಎಚ್. ರಸ್ತೆಯ ಕೇಂದ್ರಕ್ಕೆ ಹೋದೆವು. ಎರಡೂ ಕಾಲುಗಳಿಗೆ 2,800 ರೂಪಾಯಿ ಆಯಿತು. ರೇಡಿಯಾಲಜಿಸ್ಟ್ ಸ್ವತಃ ಬಂದು, “ಯಜಮಾನರೇ, ಎಷ್ಟು ದೂರ ನಡೆದರೆ ನೋವು ಬರುತ್ತದೆ? ನಿಂತರೆ ಹೋಗುತ್ತದೆಯೇ?” ಎಂದು ಕೇಳಿದ ಮೇಲೆಯೇ ಜೆಲ್ ಹಚ್ಚಿದರು. ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿದರೆ ಶಬ್ದತರಂಗಗಳು ಒಳಹೋಗದೆ ಹಿಂದಿರುಗುವುದರಿಂದ ಆ ಜೆಲ್ ಬೇಕು. ತೊಡೆಸಂದಿಯಿಂದ ಪಾದದವರೆಗೆ ನಾಳವನ್ನು ತುಂಡುತುಂಡಾಗಿ ಹಿಂಬಾಲಿಸುತ್ತಾ ನಲವತ್ತು ನಿಮಿಷ ನೋಡಿದರು. ಹರಿಯುವ ರಕ್ತಕಣಗಳಿಗೆ ತಾಗಿ ಮರಳುವ ತರಂಗದ ಆವೃತ್ತಿ ಬದಲಾಗುವುದರಿಂದಲೇ ಯಂತ್ರ ರಕ್ತದ ವೇಗವನ್ನು ಲೆಕ್ಕ ಹಾಕುತ್ತದೆ; ಪ್ರೋಬ್ ಹಿಡಿಯುವ ಕೋನ ತಪ್ಪಿದರೆ ಆ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ಯಂತ್ರ ಎಷ್ಟು ಹೊಸದೆಂಬುದಕ್ಕಿಂತ ಅದನ್ನು ಹಿಡಿದ ಕೈಯ ತಾಳ್ಮೆ ದೊಡ್ಡದೆಂದು ನನಗೆ ಅಲ್ಲಿ ಮನವರಿಕೆಯಾಯಿತು.

ಬಲತೊಡೆಯ ಅಪಧಮನಿಯಲ್ಲಿ ಒಂದೆಡೆ ರಕ್ತದ ವೇಗ ಸೆಕೆಂಡಿಗೆ 80 ಸೆಂ.ಮೀ. ಇದ್ದುದು ಅದರ ಮುಂದೆಯೇ 250ಕ್ಕೆ ಏರಿತ್ತು. ಕಾಲುವೆ ಕಿರಿದಾದಲ್ಲಿ ನೀರು ರಭಸವಾಗುವಂತೆ ಇದು. ವೇಗ ಎರಡು ಪಟ್ಟು ಮೀರಿದರೆ ನಾಳ ಅರ್ಧಕ್ಕಿಂತ ಹೆಚ್ಚು ಮುಚ್ಚಿರಬಹುದೆಂದು ಭಾವಿಸುತ್ತಾರೆ. ಎಡಗಾಲಿನಲ್ಲಿ ರಕ್ತದ ಹರಿವಿನ ಅಲೆ, ಆರೋಗ್ಯವಾದ ನಾಳದಲ್ಲಿರುವಂತೆ, ಮುಂದಕ್ಕೆ, ಕ್ಷಣಕಾಲ ಹಿಂದಕ್ಕೆ, ಮತ್ತೆ ಮುಂದಕ್ಕೆ ಹೀಗೆ ಮೂರು ಹಂತಗಳಲ್ಲಿ ಕಾಣುತ್ತಿತ್ತು. ಬಲಗಾಲಿನಲ್ಲಿ ಆ ತಡೆಯ ಕೆಳಗೆ ಒಂದೇ ಮಂದ ಉಬ್ಬು. ಇದನ್ನು ಪರದೆಯ ಮೇಲೆ ತಂದೆಯವರಿಗೂ ತೋರಿಸಿದರು.

ಕಾಲಿನ ಹರಡಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವ ಎ.ಬಿ.ಐ. ಎಂಬ ಲೆಕ್ಕವನ್ನು ಮಾತ್ರ ನಾವು ಕೇಳಿದ ಮೇಲೆ ಮಾಡಿದರು. ಕೇಳದಿದ್ದರೂ ಮಾಡಬೇಕಿತ್ತು. ಬಲಹರಡಿನ ರಕ್ತದೊತ್ತಡ 96, ತೋಳಿನದು 140, ಭಾಗಿಸಿದರೆ 0.69. 0.9ಕ್ಕಿಂತ ಕಡಿಮೆಯಿದ್ದರೆ ಅಪಧಮನಿಯ ಕಾಯಿಲೆ ಇದೆಯೆಂದು ಅರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣದಂಶ ಸೇರಿ ಗಡುಸಾದರೆ ಈ ಅಂಕಿ ಸುಳ್ಳಾಗಿ ಹೆಚ್ಚು ಬರುವುದರಿಂದ, ಅಂಕಿಯೊಂದನ್ನೇ ನಂಬದೆ ಅಲೆಯ ಆಕಾರವನ್ನೂ ನೋಡುತ್ತೇವೆಂದು ಅವರು ವಿವರಿಸಿದ್ದು ನನಗೆ ಬಹಳ ಮೆಚ್ಚಿಗೆಯಾಯಿತು.

ವರದಿಯೊಂದಿಗೆ ನಾಳಗಳ ನಕ್ಷೆಯನ್ನೂ ಬಿಡಿಸಿಕೊಟ್ಟಿದ್ದರು. ರಕ್ತನಾಳದ ಶಸ್ತ್ರವೈದ್ಯರು ಅದನ್ನು ನೋಡಿಯೇ ಸದ್ಯಕ್ಕೆ ಮಾತ್ರೆ, ನಿತ್ಯ ನಡಿಗೆ ಮತ್ತು ಬೀಡಿ ಬಿಡುವುದನ್ನು ಸೂಚಿಸಿದರು.

ನನ್ನ ದೊಡ್ಡ ದೂರು ಕಟ್ಟಡದ ಮೇಲಿದೆ. ನಡೆಯಲಾಗದವರೇ ಬರುವ ಈ ಕೇಂದ್ರ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ತಂದೆಯವರು ಅರ್ಧ ಮೆಟ್ಟಿಲಲ್ಲೇ ಕಾಲು ಹಿಡಿದು ಕುಳಿತರು. ಇದನ್ನು ಹೇಳಿದಾಗ, ಮೊದಲೇ ಫೋನ್ ಮಾಡಿದರೆ ಕುರ್ಚಿಯಲ್ಲಿ ಕೂರಿಸಿ ಕರೆತರಲು ಇಬ್ಬರನ್ನು ಕೆಳಗೆ ಕಳುಹಿಸುತ್ತೇವೆ ಎಂದರು. ಆ ಮಾತನ್ನು ಅವರು ಮೆಟ್ಟಿಲ ಬುಡದಲ್ಲೇ ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕು.