ಪ್ರೈಮವೆರಾ ಪಿ6: ಕೆಲಸ ಯಾಕೆ ತಡವಾಯ್ತು ಅಂತ ಹುಡುಕುವವರಿಗೆ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ಆಫೀಸ್ ಕಟ್ಟಡಗಳ ಪ್ಲಾನಿಂಗ್‌ಗೆ ಹಲವು ವರ್ಷಗಳಿಂದ ಬಳಸುತ್ತಿರುವುದು ಪ್ರೈಮವೆರಾ ಪಿ6 ಅನ್ನೇ, ಅಂದ್ರೆ ಯಾವ ಕೆಲಸ ಯಾವಾಗ ಅಂತ ಶೆಡ್ಯೂಲ್ ಹಾಕುವ ಸಾಫ್ಟ್‌ವೇರ್. ಬರೀ ಬಾರ್ ಚಾರ್ಟ್ ಸಾಕು ಅನ್ನುವವರು ಇದಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಎಕ್ಸೆಲ್ ಸಾಕು. ಇದರ ಬೆಲೆ ಗೊತ್ತಾಗುವುದು ಕೆಲಸ ತಡವಾಗಿ, ಯಾರಿಂದ ತಡ ಅನ್ನುವ ಜಗಳ ಶುರುವಾದಾಗ.

ವೈಟ್‌ಫೀಲ್ಡ್ ಕಡೆ ಒಂದು ಸೈಟಲ್ಲಿ ಬೇಸ್‌ಮೆಂಟ್ ಅಗೆಯುವಾಗ ಗಟ್ಟಿ ಬಂಡೆ ಸಿಕ್ಕಿತು. ಅದೇ ಹೊತ್ತಿಗೆ ಟಾಯ್ಲೆಟ್ ಡ್ರಾಯಿಂಗೂ ತಡವಾಗಿ ಬಂತು. ಮೀಟಿಂಗಲ್ಲಿ ಎಲ್ಲರೂ ಡ್ರಾಯಿಂಗ್ ಮೇಲೇ ಮುಗಿಬಿದ್ದರು. ಹಿಂದಿನ ಅಪ್‌ಡೇಟ್ (ಅಲ್ಲಿಯವರೆಗೆ ಆದ ಕೆಲಸ ತುಂಬಿದ ಶೆಡ್ಯೂಲ್) ತೆಗೆದುಕೊಂಡು, ಬಂಡೆ ಒಡೆಯುವ ಕೆಲಸವನ್ನು ಅಗೆತಕ್ಕೂ ರಾಫ್ಟ್‌ಗೂ (ಬುಡದ ಕಾಂಕ್ರೀಟ್ ಹಾಸು) ನಡುವೆ ಸೇರಿಸಿ, ಯಾವುದಾದ ಮೇಲೆ ಯಾವುದು ಅಂತ ಲಿಂಕ್ ಕೊಟ್ಟು, ಎಫ್9 ಒತ್ತಿ ತಾರೀಖುಗಳನ್ನು ಮತ್ತೆ ಲೆಕ್ಕ ಹಾಕಿಸಿದರೆ ಪ್ರಾಜೆಕ್ಟ್ ಮುಗಿಯುವ ತಾರೀಖು ಮುಂದಕ್ಕೆ ಹೋಯಿತು. ಡ್ರಾಯಿಂಗ್ ತಡವನ್ನು ಮಾತ್ರ ಹಾಕಿ ನೋಡಿದರೆ ಅಲುಗಲೇ ಇಲ್ಲ, ಯಾಕಂದ್ರೆ ಆ ಕೆಲಸಕ್ಕೆ ಇನ್ನೂ ಫ್ಲೋಟ್, ಅಂದ್ರೆ ಕೊನೆ ತಾರೀಖು ಕೆಡದೆ ತಡವಾಗಬಹುದಾದಷ್ಟು ಬಿಡುವು ಇತ್ತು. ಟೈಮ್ ಇಂಪ್ಯಾಕ್ಟ್ ಅನಾಲಿಸಿಸ್ ಅಂದ್ರೆ ಇದೇ. ಆದರೆ ಬಂಡೆಯ ಹೊರೆ ಮಾಲೀಕರದ್ದೋ ಕಂಟ್ರಾಕ್ಟರದ್ದೋ ಅಂತ ಸಾಫ್ಟ್‌ವೇರ್ ಹೇಳುವುದಿಲ್ಲ, ಅದಕ್ಕೆ ಕರಾರು ಪತ್ರವನ್ನೇ ತೆಗೆಯಬೇಕು.

ಸೆಟ್ಟಿಂಗ್ಸ್ ಬಗ್ಗೆ ಹುಷಾರು. ಹಿಂದಿನ ಕೆಲಸ ಮುಗಿಯುವ ಮೊದಲೇ ಮುಂದಿನದು ಶುರುವಾಗುವುದು ನಮ್ಮ ಸೈಟುಗಳಲ್ಲಿ ಮಾಮೂಲಿ ಅಲ್ವಾ? ಆಗ ರಿಟೇನ್ಡ್ ಲಾಜಿಕ್ ಇಟ್ಟರೆ ಉಳಿದ ಕೆಲಸ ಹಿಂದಿನದಕ್ಕಾಗಿ ಕಾಯುತ್ತದೆ, ಪ್ರೋಗ್ರೆಸ್ ಓವರ್‌ರೈಡ್ ಇಟ್ಟರೆ ಕಾಯುವುದಿಲ್ಲ, ಹಾಗಾಗಿ ಒಂದೇ ಫೈಲಿನಿಂದ ಎರಡು ಬೇರೆ ಬೇರೆ ಕೊನೆ ತಾರೀಖು ಬರಬಹುದು. ಬೇರೆಯವರ ಶೆಡ್ಯೂಲ್ ಕೈಗೆ ಬಂದರೆ ನಾನು ಮೊದಲು ನೋಡುವುದು ಇದನ್ನೇ, ಆಮೇಲೆ ಮ್ಯಾಂಡೇಟರಿ ಫಿನಿಶ್ (ಇದೇ ದಿನ ಮುಗಿಯಬೇಕು ಅಂತ ಕೈಯಿಂದ ಹಾಕಿದ ಕಟ್ಟು) ಎಲ್ಲಾದರೂ ಇದೆಯಾ ಅಂತ. ಅದು ಲಿಂಕುಗಳನ್ನು ಮೀರಿ ತಾರೀಖನ್ನು ಗೂಟ ಹೊಡೆದಂತೆ ನಿಲ್ಲಿಸಿಬಿಡುತ್ತದೆ, ನಿಜವಾದ ತಡ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು, ಇದೇ ಮುಖ್ಯ. ಪ್ರತಿ ತಿಂಗಳ ಅಪ್‌ಡೇಟ್ ಆದ ಕೂಡಲೇ ಎಕ್ಸ್‌ಇಆರ್ ಫೈಲ್ (ಪಿ6 ಶೆಡ್ಯೂಲಿನ ಪ್ರತಿ) ತೆಗೆದು ಬೇರೆ ಕಡೆ ಇಡಿ. ಅದೇ ಪ್ರಾಜೆಕ್ಟ್ ಮೇಲೆ ಬರೆಯುತ್ತಾ ಹೋದರೆ ಮಾರ್ಚ್‌ನಲ್ಲಿ ಕ್ರಿಟಿಕಲ್ ಪಾತ್ (ಕೊನೆ ತಾರೀಖನ್ನು ನಿರ್ಧರಿಸುವ ಕೆಲಸಗಳ ಸರಪಳಿ) ಎಲ್ಲಿತ್ತು ಅಂತ ಡಿಸೆಂಬರ್‌ನಲ್ಲಿ ತೋರಿಸೋಕಾಗಲ್ಲ. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2017ರಲ್ಲಿ ತಂದ, ಕಟ್ಟಡ ಕೆಲಸದ ತಡಗಳನ್ನು ಹೇಗೆ ಲೆಕ್ಕ ಹಾಕಬೇಕು ಅನ್ನುವ ಮಾರ್ಗದರ್ಶಿ ಪ್ರೋಟೋಕಾಲ್‌ನ ಎರಡನೇ ಆವೃತ್ತಿಯೂ ಕೊನೆಯವರೆಗೆ ಕಾಯಬೇಡಿ, ಆಗಿಂದಾಗಲೇ ಲೆಕ್ಕ ಹಾಕಿ ಅನ್ನುತ್ತದೆ. ಇಲ್ಲಿ ಎಷ್ಟೋ ಜನ ಕೆಲಸ ಮುಗಿದ ಮೇಲೆ ವಾಟ್ಸಾಪ್ ಫೋಟೋ ಗುಡ್ಡೆ ಹಾಕಿಕೊಂಡು ಬರುತ್ತಾರೆ, ನ್ಯಾಯ ಅವರ ಕಡೆ ಇದ್ದರೂ ತೋರಿಸಲಾಗದೆ ಸೋಲುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಲಿಯೋಕೆ ಕಷ್ಟ, ಸಣ್ಣ ಮನೆ ಕೆಲಸಕ್ಕೆ ತೀರಾ ಜಾಸ್ತಿ. ದೊಡ್ಡ ಕೆಲಸಕ್ಕೆ ಖಂಡಿತ ತಗೊಳ್ಳಿ, ಆದರೆ ತಿಂಗಳು ತಿಂಗಳೂ ಸೈಟಿಗೆ ಹೋಗಿ ಅಪ್‌ಡೇಟ್ ಮಾಡುವ ಪ್ಲಾನರ್ ಇದ್ದರೆ ಮಾತ್ರ.