ಮೆಕ್ಕೆಜೋಳದ ಸೈನಿಕ ಹುಳುವಿಗೆ ಎಮಾಮೆಕ್ಟಿನ್, ಕ್ಲೋರಾಂಟ್ರಾನಿಲಿಪ್ರೋಲ್, ವಿಷದ ತೌಡು: ಯಾವುದು ಎಲ್ಲಿಗೆ?

ಭಾರತದಲ್ಲಿ ಫಾಲ್ ಸೈನಿಕ ಹುಳು ಮೊದಲು ಪತ್ತೆಯಾದದ್ದು 2018ರಲ್ಲಿ, ಶಿವಮೊಗ್ಗದಲ್ಲಿ. ಆಗ ಕೈಗೆ ಸಿಕ್ಕ ಮೊನೊಕ್ರೋಟೊಫಾಸ್ ಹೊಡೆದವರೂ ಇದ್ದರು. ಡಬ್ಬಿಯ ಮೇಲೆ ಕಡು ವಿಷದ ಗುರುತಾದ ಕೆಂಪು ತ್ರಿಕೋನವಿರುವ ಆ ಕೀಟನಾಶಕದ 36 ಎಸ್‌ಎಲ್ (ಶೇ 36ರ ದ್ರವ) ರೂಪವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿತು. ಹಳೆಯ ಬಾಟಲಿ ಉಳಿದಿದ್ದರೂ ಮುಟ್ಟಬೇಡಿ.

ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ (ನೀರಲ್ಲಿ ಕರಗುವ ಶೇ 5ರ ಹರಳು) ಲೀಟರ್ ನೀರಿಗೆ 0.4 ಗ್ರಾಂ, ಅಂದರೆ 16 ಲೀಟರ್ ಟ್ಯಾಂಕಿಗೆ 6.4 ಗ್ರಾಂ. ಮೊದಲು ಒಂದು ಮಗ್ಗು ನೀರಲ್ಲಿ ಕರಗಿಸಿಕೊಂಡು ಟ್ಯಾಂಕಿಗೆ ಹಾಕಿ. ಹುಳು ಬೇಗ ತಿನ್ನುವುದನ್ನು ನಿಲ್ಲಿಸುತ್ತದೆ, ಸಾಯಲು ಎರಡು-ಮೂರು ದಿನ ಬೇಕು. ಮರುದಿನ ಜೀವಂತ ಹುಳು ಕಂಡಿತೆಂದು ಮತ್ತೆ ಹೊಡೆಯುವುದು ದಂಡ. ಎಲೆಯ ಮೇಲೆ ಉಳಿದದ್ದು ಬಿಸಿಲಿಗೆ ಬೇಗ ಒಡೆಯುವುದರಿಂದ ಸಂಜೆಯೇ ಒಳ್ಳೆಯ ಹೊತ್ತು.

ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ (ನೀರಿಗೆ ಬೆರೆಸುವ ಶೇ 18.5ರ ಗಟ್ಟಿ ದ್ರಾವಣ) ಲೀಟರ್ ನೀರಿಗೆ 0.4 ಮಿಲಿ. ದುಬಾರಿ, ಆದರೆ ಹೆಚ್ಚು ದಿನ ಬಾಳುತ್ತದೆ. ಸಿಂಪಡಿಸುವವರ ಮೈಗೂ ಜೇನಿಗೂ ಎಮಾಮೆಕ್ಟಿನ್‌ಗಿಂತ ಇದೇ ಸೌಮ್ಯ. ನಮ್ಮ ಆಯ್ಕೆಯೂ ಇದೇ, ಒಂದು ಜಾಗ ಬಿಟ್ಟು.

ಆ ಜಾಗ ಹಿಪ್ಪುನೇರಳೆ ತೋಟದ ಪಕ್ಕ. ಕ್ಲೋರಾಂಟ್ರಾನಿಲಿಪ್ರೋಲ್ ಡಬ್ಬಿಯ ಮೇಲಿರುವುದು ಹಸಿರು ತ್ರಿಕೋನ. ಆ ಬಣ್ಣಕ್ಕೆ ಆಧಾರ ಸಸ್ತನಿಗಳ ಮೇಲಿನ ತಕ್ಷಣದ ವಿಷತ್ವ ಮಾತ್ರ: ಬಾಯಿಯ ಮೂಲಕ ಕಿಲೋ ದೇಹತೂಕಕ್ಕೆ 50 ಮಿಗ್ರಾಂವರೆಗೆ ಮಾರಕವಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ರೇಷ್ಮೆ ಹುಳುವಿನ ಲೆಕ್ಕ ಅದರಲ್ಲಿಲ್ಲ. ಸೈನಿಕ ಹುಳುವನ್ನು ಕೊಲ್ಲುವ ಔಷಧಿ ಅದೇ ಪತಂಗ ಕುಲದ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಗಾಳಿಗೆ ಹಾರಿ ಸೊಪ್ಪಿನ ಮೇಲೆ ಕೂತ ಅಲ್ಪಾಂಶವೇ ಸಾಕು. ಬಾಳಿಕೆ ಹೆಚ್ಚಾದಷ್ಟೂ ಅಪಾಯವೂ ಹೆಚ್ಚು. ನೀರಿನ ಸಣ್ಣ ಜೀವಿಗಳಿಗೂ ಇದು ಕಡು ವಿಷ, ಹಾಗಾಗಿ ಟ್ಯಾಂಕನ್ನು ಕೆರೆ-ಕೃಷಿಹೊಂಡದಲ್ಲಿ ತೊಳೆಯಬಾರದು.

ಹುಳು ದೊಡ್ಡದಾಗಿ ಸುಳಿಯೊಳಗೆ ಹಿಕ್ಕೆಯ ಮರೆಯಲ್ಲಿ ಕೂತರೆ ಎರಡೂ ಸಿಂಪರಣೆ ಸರಿಯಾಗಿ ತಲುಪುವುದಿಲ್ಲ. ಆಗ ತೌಡು: 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, 2–3 ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಡಿ. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಕೀಟನಾಶಕ ಬೆರೆಸಿ ಸುಳಿಗೆ ಉದುರಿಸಿ. ಗಾಳಿಗೆ ಹಾರದ ಕಾರಣ ಹಿಪ್ಪುನೇರಳೆ ಬದುವಿನ ಸಾಲುಗಳಿಗೆ ಇದೇ ಸರಿ. ಆದರೆ ಥಯೋಡಿಕಾರ್ಬ್ ಒಡೆದು ಮೆಥೊಮಿಲ್ ಆಗುತ್ತದೆ, ಅದೂ 2023ರಲ್ಲೇ ನಿಷೇಧವಾದ ವಿಷ. ರಬ್ಬರ್ ಕೈಗವಸು ಇಲ್ಲದೆ ಕಲಸಬೇಡಿ. ಬೆಲ್ಲದ ವಾಸನೆಗೆ ಕೋಳಿ, ನಾಯಿ, ದನ ಬರುತ್ತವೆ. ಮೇವಿಗೆ ಬೆಳೆದ ಮೆಕ್ಕೆಜೋಳಕ್ಕಂತೂ ಹಾಕಲೇಬಾರದು.